ಹಬ್ಬ ನೋಡಲು ದ್ವೀಪಕ್ಕೆ ಹೊರಟವರಿಗೆ: ಬೆಂಗಳೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ 14ರ ಮಧ್ಯಾಹ್ನ. ಶ್ರೀಲಂಕಾದ ದಕ್ಷಿಣ ತೀರದ ಒಂದು ಸಣ್ಣ ಊರು. ನಾನು, ನನ್ನ ತಂಗಿ, ಅವಳ ಮಗಳು ಮೂವರೂ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದೆವು. ಅಂದಿನ ಊಟ ಅದೇ. ಬೇಕರಿ, ಹಣ್ಣಿನ ಅಂಗಡಿ, ಔಷಧಿ ಅಂಗಡಿ, ಎಲ್ಲಕ್ಕೂ ಬಾಗಿಲು ಹಾಕಿತ್ತು. 'ಅಲ್ಲಿನ ಹೊಸ ವರ್ಷದ ಸಂಭ್ರಮ ನೋಡೋಣ' ಎಂದು ಎರಡು ತಿಂಗಳ ಮೊದಲೇ ಟಿಕೆಟ್ ಮಾಡಿಸಿದವಳು ನಾನೇ. ಸಂಭ್ರಮಕ್ಕೆ ಕೊರತೆ ಇರಲಿಲ್ಲ. ಆದರೆ ಅದೆಲ್ಲ ಮನೆಗಳ ಒಳಗಿತ್ತು, ನಾವು ಬೀದಿಯಲ್ಲಿದ್ದೆವು. ಸಂಜೆ ನಾವು ಉಳಿದುಕೊಂಡಿದ್ದ ಮನೆಯೊಡತಿಯೇ ಕರೆದು ಬಾಳೆಯೆಲೆಯ ಮೇಲೆ ಕಿರಿಬತ್, ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಕೊಟ್ಟರು. ನನ್ನನ್ನು 'ಅಕ್ಕ' ಎಂದರು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆಂದು ಅಂದು ತಿಳಿಯಿತು.

ಆಮೇಲೆ ಮಲ್ಲೇಶ್ವರಕ್ಕೆ ಮರಳಿ ಕುಳಿತು ಯೋಚಿಸಿದಾಗ ತಪ್ಪು ಎಲ್ಲಿ ಆಯಿತೆಂಬುದು ಸ್ಪಷ್ಟವಾಯಿತು. ಯುಗಾದಿಯ ದಿನ ಒಬ್ಬ ವಿದೇಶಿ ನಮ್ಮ ಬೀದಿಗೆ ಬಂದರೆ ಅವನಿಗೆ ಏನು ಕಾಣುತ್ತದೆ? ಮಾವಿನ ತೋರಣ, ಮುಚ್ಚಿದ ಅಂಗಡಿ. ಒಬ್ಬಟ್ಟು ಕಾಣುವುದಿಲ್ಲ. ಅದೇ ಮನುಷ್ಯ ಕರಗದ ರಾತ್ರಿ ತಿಗಳರಪೇಟೆಗೆ ಬಂದರೆ ಬೆಳಗಾಗುವವರೆಗೂ ನೋಡುವಷ್ಟಿರುತ್ತದೆ. ಈ ಮಾರ್ಗದರ್ಶಿಯ ಬಹುಪಾಲು ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿದೆ.

ಮೊದಲ ಹೆಜ್ಜೆ: ಹಬ್ಬ ಬೀದಿಯದೋ, ಮನೆಯದೋ?

ಯಾವ ದ್ವೀಪದ ಯಾವ ಹಬ್ಬದ ಹೆಸರು ಕಿವಿಗೆ ಬಿದ್ದರೂ ಮೊದಲು ಇದನ್ನು ಕೇಳಿಕೊಳ್ಳಿ. ಅಂದು ಜನ ಬೀದಿಗೆ ಬರುತ್ತಾರೋ, ಮನೆಗೆ ಹೋಗುತ್ತಾರೋ?

ಶ್ರೀಲಂಕಾದ ಕ್ಯಾಂಡಿಯಲ್ಲಿ ಆನೆಗಳ ಮೆರವಣಿಗೆಯಾದ ಎಸಳ ಪೆರಹೆರ, ಕೊಲಂಬೊದ ವೆಸಕ್, ಮಾರಿಷಸ್ಸಿನ ಶಿವರಾತ್ರಿ ಮತ್ತು ಕಾವಡಿ, ಬಾಲಿಯಲ್ಲಿ ರಾಕ್ಷಸ ಬೊಂಬೆಗಳ ಒಗೊ-ಒಗೊ ಮೆರವಣಿಗೆ ಇವೆಲ್ಲ ಬೀದಿಯ ಹಬ್ಬಗಳು. ಪರಿಚಯವಿಲ್ಲದವರಿಗೂ ಅಲ್ಲಿ ಜಾಗವಿದೆ. ಸಿಂಹಳ-ತಮಿಳು ಹೊಸ ವರ್ಷ, ಬಾಲಿಯ ಗಲುಂಗನ್, ಈದ್‌ನ ಬೆಳಗು ಇವು ಮನೆಯ ಹಬ್ಬಗಳು. ಅಲ್ಲಿ ಪರಿಚಯದ ಒಂದು ಮನೆಯಿದ್ದರೆ ಸ್ವರ್ಗ, ಇಲ್ಲದಿದ್ದರೆ ಬಿಸ್ಕತ್ತು. ಮನೆಯ ಹಬ್ಬಕ್ಕೆ ಹೋಗಲೇಬೇಕೆಂದಿದ್ದರೆ ದೊಡ್ಡ ಹೋಟೆಲ್ ಬಿಟ್ಟು, ಕುಟುಂಬವೊಂದು ತಾನೇ ನಡೆಸುವ ತಂಗುಮನೆಯಲ್ಲಿ ಕೋಣೆ ಹಿಡಿಯಿರಿ. 'ಹಬ್ಬದ ದಿನ ನಿಮ್ಮ ಮನೆಯಲ್ಲಿ ಊಟ ಸಿಗುತ್ತದೆಯೇ, ಎಷ್ಟು ಕೊಡಬೇಕು' ಎಂದು ಮುಂಚಿತವಾಗಿಯೇ ಬರೆದು ಕೇಳಿ. ಸಂಕೋಚ ಬೇಡ. ನಾನು ಸಂಕೋಚಪಟ್ಟಿದ್ದರಿಂದಲೇ ಆ ಕಟ್ಟೆಯ ಮೇಲೆ ಕುಳಿತಿದ್ದೆ.

ಮೂರನೆಯದೊಂದು ಜಾತಿಯಿದೆ, ಸರ್ಕಾರವೋ ಸಂಸ್ಥೆಯೋ ವೇದಿಕೆ ಕಟ್ಟಿ ನಡೆಸುವ ಉತ್ಸವ. ಅಂಡಮಾನಿನಲ್ಲಿ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುವ ದ್ವೀಪ ಪ್ರವಾಸೋದ್ಯಮ ಉತ್ಸವ, ಬಾಲಿಯ ರಾಜಧಾನಿ ಡೆನ್ಪಸಾರಿನಲ್ಲಿ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ತಿಂಗಳುಗಟ್ಟಲೆ ನಡೆಯುವ ಬಾಲಿ ಕಲಾ ಉತ್ಸವ ಇಂಥವು. ಇವುಗಳಿಗೆ ಕುರ್ಚಿ ಇರುತ್ತದೆ, ಕಾರ್ಯಕ್ರಮದ ಪಟ್ಟಿ ಇರುತ್ತದೆ, ಬಸ್ಸು ತಪ್ಪಿದರೂ ನಾಳೆ ಮತ್ತೊಂದು ಪ್ರದರ್ಶನ ಇರುತ್ತದೆ. ಸಣ್ಣ ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದೇ ಒಳ್ಳೆಯ ಆಯ್ಕೆ. ಮೈಸೂರು ದಸರೆಗೆ ಹೋಗಿ ಜಂಬೂ ಸವಾರಿಯ ನೂಕುನುಗ್ಗಲು ಬಿಟ್ಟು ಅರಮನೆಯ ಮುಂದಿನ ಸಂಗೀತ ಕೇಳಿ ಬರುವವರಿಲ್ಲವೇ, ಹಾಗೆ.

ಎರಡನೆಯ ಹೆಜ್ಜೆ: ಟಿಕೆಟ್‌ಗೆ ಮೊದಲು ಪಂಚಾಂಗ

ಕಚೇರಿಯ ರಜೆ ನೋಡಿ, ಅಗ್ಗದ ಟಿಕೆಟ್ ನೋಡಿ, ಕೊನೆಗೆ 'ಆ ವಾರ ಅಲ್ಲಿ ಏನಾದರೂ ಹಬ್ಬವಿದೆಯೇ' ಎಂದು ಹುಡುಕುವುದು ತಲೆಕೆಳಗಾದ ಕ್ರಮ. ಉಷ್ಣವಲಯದ ದ್ವೀಪಗಳ ದೊಡ್ಡ ಹಬ್ಬಗಳಲ್ಲಿ ಹೆಚ್ಚಿನವು ಚಂದ್ರನನ್ನು ನೋಡಿ ನಡೆಯುವಂಥವು. ಪ್ರತಿ ವರ್ಷ ದಿನಾಂಕ ಜಾರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕ ಗೊತ್ತಿರುವ ನಮಗೆ ಇದು ಹೊಸದೇನಲ್ಲ. ಯುರೋಪಿನವರಿಗೆ ಒಗಟಾಗುವ ದಿನಾಂಕಗಳು ಗೋಡೆಯ ಮೇಲಿನ ನಮ್ಮ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಸಿಕ್ಕಿಬಿಡುತ್ತವೆ.

ಕ್ಯಾಂಡಿಯ ಪೆರಹೆರದ ಕೊನೆಯ ರಾತ್ರಿ ನಿಕಿನಿ ಹುಣ್ಣಿಮೆಗೆ ಸೇರಿಕೊಂಡಿರುತ್ತದೆ, ಅಂದರೆ ನಮ್ಮ ನೂಲು ಹುಣ್ಣಿಮೆಯ ಆಸುಪಾಸು. ಅಲ್ಲಿಂದ ಹತ್ತು ರಾತ್ರಿ ಹಿಂದಕ್ಕೆ ಎಣಿಸಿದರೆ ಮೆರವಣಿಗೆಗಳು ಶುರುವಾಗುವ ದಿನ ಸಿಗುತ್ತದೆ. ವೆಸಕ್ ಎಂದರೆ ಬುದ್ಧ ಪೂರ್ಣಿಮೆ. ಸಿಂಹಳ-ತಮಿಳು ಹೊಸ ವರ್ಷ ಸೂರ್ಯನ ಲೆಕ್ಕದ್ದು, ಕರಾವಳಿಯವರ ಬಿಸುವಿನ ಹಾಗೆ ಮೇಷ ಸಂಕ್ರಮಣದ ಹಬ್ಬ. ಆದ್ದರಿಂದ ಏಪ್ರಿಲ್ 13–14 ಬಿಟ್ಟು ಕದಲುವುದಿಲ್ಲ.

ಬಾಲಿಯದು ಸ್ವಾರಸ್ಯದ ಕಥೆ. ಅಲ್ಲಿ ಎರಡು ಪಂಚಾಂಗಗಳು ಜೊತೆಜೊತೆಗೆ ಓಡುತ್ತವೆ. ಒಂದು ಶಕ ಪಂಚಾಂಗ. ಹೌದು, ನಮ್ಮ ಸಂಕಲ್ಪದಲ್ಲಿ 'ಶಾಲಿವಾಹನ ಶಕೇ' ಎನ್ನುತ್ತೇವಲ್ಲ, ಅದೇ ಶಕೆ. ಕ್ರಿ.ಶ. 78ರಿಂದ ಎಣಿಕೆ. ಆ ಪಂಚಾಂಗದ ಹೊಸ ವರ್ಷವೇ ನ್ಯೆಪಿ, ಮೌನದ ದಿನ. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ರಂದೇ ಬಂದಿದ್ದವು. 2026ರಲ್ಲಿಯೂ ಎರಡೂ ಮಾರ್ಚ್ 19ಕ್ಕೆ, ಎರಡೂ ಕಡೆ ಶಕ ವರ್ಷ 1948. ಹಾಗೆಂದು ನಮ್ಮ ಕ್ಯಾಲೆಂಡರನ್ನೇ ಕಣ್ಣುಮುಚ್ಚಿ ನಂಬಬೇಡಿ. ಅಧಿಕ ಮಾಸ ಸೇರಿಸುವ ವಿಧಾನ ಬೇರೆಯಾದ್ದರಿಂದ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ. 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ, ಯುಗಾದಿ ಏಪ್ರಿಲ್ 9ಕ್ಕೆ.

ಇನ್ನೊಂದು 210 ದಿನಗಳ ಪಾವುಕೊನ್ ಪಂಚಾಂಗ. ಇದಕ್ಕೆ ಚಂದ್ರನೂ ಬೇಡ, ಸೂರ್ಯನೂ ಬೇಡ, ಬರೀ ವಾರಗಳ ಸುತ್ತು. ಗಲುಂಗನ್ ಹಬ್ಬ ಇದರ ಪ್ರಕಾರ ಪ್ರತಿ 210 ದಿನಕ್ಕೊಮ್ಮೆ, ಯಾವಾಗಲೂ ಬುಧವಾರವೇ ಬರುತ್ತದೆ. ಹತ್ತು ದಿನದ ನಂತರದ ಶನಿವಾರ ಕುನಿಂಗನ್. 2025ರ ನವೆಂಬರ್ 19, 2026ರ ಜೂನ್ 17, 2027ರ ಜನವರಿ 13, ಹೀಗೆ 210 ಕೂಡಿಸುತ್ತ ಹೋದರೆ ಮುಂದಿನ ಹತ್ತು ವರ್ಷದ ಗಲುಂಗನ್ ಅನ್ನು ಕಾಗದದ ಮೇಲೆ ನೀವೇ ಬರೆದುಕೊಳ್ಳಬಹುದು. ಒಂದೇ ವರ್ಷದಲ್ಲಿ ಎರಡು ಸಲ ಬರುವುದೂ ಉಂಟು.

ಲೆಕ್ಕ ಹಾಕಿದ ಮೇಲೂ ಆ ದೇಶದ ಸರ್ಕಾರಿ ರಜೆಗಳ ಪಟ್ಟಿಯನ್ನು ಒಮ್ಮೆ ನೋಡಿಯೇ ಟಿಕೆಟ್ ತೆಗೆದುಕೊಳ್ಳಿ.

ಮೂರನೆಯ ಹೆಜ್ಜೆ: ದ್ವೀಪ ಆರಿಸುವುದು

ಮೊದಲ ಸಲ ಹೊರಟವರಿಗೆ ನನ್ನ ಸಲಹೆ ಶ್ರೀಲಂಕಾ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಹೆಬ್ಬಾಳದ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ವಿಮಾನ ನಿಲ್ದಾಣ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತಾದೀತು. ಗಡಿಯಾರ ತಿರುಗಿಸುವುದೂ ಬೇಡ, ಅವರ ಸಮಯವೂ ನಮ್ಮದೇ. ಹಬ್ಬಗಳೋ ವರ್ಷವಿಡೀ. ಅಲ್ಲಿ ಪ್ರತಿ ಹುಣ್ಣಿಮೆಯೂ 'ಪೋಯ', ಸಾರ್ವಜನಿಕ ರಜೆ. ಜನವರಿಯ ಹುಣ್ಣಿಮೆಗೆ ಕೆಲನಿಯ ದೇವಾಲಯದ ದುರುತು ಪೆರಹೆರ, ಫೆಬ್ರವರಿಗೆ ಕೊಲಂಬೊದ ಗಂಗಾರಾಮ ವಿಹಾರದ ನವಂ ಪೆರಹೆರ, ಮೇ ತಿಂಗಳಲ್ಲಿ ವೆಸಕ್, ಜೂನ್‌ನಲ್ಲಿ ಪೊಸೊನ್. ಅಶೋಕನ ಮಗ ಮಹಿಂದ ಬೌದ್ಧಧರ್ಮವನ್ನು ದ್ವೀಪಕ್ಕೆ ತಂದದ್ದರ ನೆನಪಿಗೆ ಪೊಸೊನ್ ದಿನ ಬಿಳಿಯುಟ್ಟ ಜನ ಅನುರಾಧಪುರ ಮತ್ತು ಮಿಹಿಂತಲೆಗೆ ಸಾಗರದಂತೆ ಹರಿಯುತ್ತಾರೆ. ಪೋಯ ದಿನ ಮದ್ಯ ಮಾರಾಟ ಇಲ್ಲ ಎಂಬುದನ್ನು ಬೇಕಾದವರು ನೆನಪಿಟ್ಟುಕೊಳ್ಳಿ.

ವೆಸಕ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಮನೆಮನೆಯ ಮುಂದೆ ಬಿದಿರುಕಡ್ಡಿ, ಕಾಗದದ ಗೂಡುದೀಪ. ಕೊಲಂಬೊ ನಡುವಿನ ಬೈರಾ ಕೆರೆಯ ಸುತ್ತ ಬೆಳಕಿನ ಅಲಂಕಾರ. ಜಾತಕ ಕಥೆಗಳನ್ನು ಸಾವಿರಾರು ಬಲ್ಬುಗಳಲ್ಲಿ ಹೇಳುವ 'ತೋರಣ'ಗಳು. ನಮ್ಮ ತೋರಣದ್ದೇ ಪದ, ಆದರೆ ಅಲ್ಲಿ ಅದು ಮೂರು ನಾಲ್ಕು ಮಹಡಿ ಎತ್ತರದ ಚಿತ್ರಪಟ. ಎಲ್ಲಕ್ಕಿಂತ ಚೆಂದ 'ದನ್ಸಲ್'. ರಸ್ತೆ ಬದಿಯಲ್ಲಿ ಚಪ್ಪರ ಹಾಕಿ ದಾರಿಹೋಕರಿಗೆಲ್ಲ ಅನ್ನ, ಪಾನಕ, ಐಸ್‌ಕ್ರೀಂ ಪುಕ್ಕಟೆ ಹಂಚುವುದು. ರಾಮನವಮಿಗೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಪಾನಕ, ಕೋಸಂಬರಿ ಕೊಡುವುದನ್ನು ಕಂಡವರಿಗೆ ಅಪರಿಚಿತವೆನಿಸದು. ಸರದಿಯಲ್ಲಿ ನಿಲ್ಲಿ, ಎರಡು ಕೈಯೊಡ್ಡಿ ತೆಗೆದುಕೊಳ್ಳಿ, ದುಡ್ಡು ಕೊಡಲು ಹೋಗಬೇಡಿ.

ಉತ್ತರದಲ್ಲಿ ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಸ್ಥಾನದ ಉತ್ಸವ 25 ದಿನ ನಡೆಯುತ್ತದೆ, ಬಹುಮಟ್ಟಿಗೆ ಆಗಸ್ಟ್‌ನಲ್ಲಿ. 24ನೆಯ ದಿನ ತೇರು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಉಡುಪಿಯ ಮಠಕ್ಕೆ ಹೋಗಿ ಬಂದವರಿಗೆ ಇದು ರೂಢಿಯೇ. ರಜೆ ಎರಡು ವಾರ ಸಿಗುವುದಾದರೆ ಕ್ಯಾಂಡಿ ಮತ್ತು ನಲ್ಲೂರು ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಿಕೊಳ್ಳಲು ಆಗುವ ವರ್ಷಗಳಿವೆ.

ಬಾಲಿಗೆ 2024ರ ಮಾರ್ಚ್‌ನಿಂದ ಬೆಂಗಳೂರಿನ ನೇರ ವಿಮಾನ ಬಂದಿದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬಾಲಿಯಲ್ಲಿ ಹಬ್ಬ ಹುಡುಕಿಕೊಂಡು ಹೋಗುವುದೇ ಬೇಡ, ದಿನಾ ಬೆಳಗ್ಗೆ ಅಂಗಡಿಯ ಹೊಸ್ತಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಕಾಲಿಗೆ ಸಿಗದ ಹಾಗೆ ನೋಡಿಕೊಂಡು ನಡೆಯಿರಿ. ಗಲುಂಗನ್ ಸಮಯದಲ್ಲಿ ರಸ್ತೆಯ ಎರಡೂ ಬದಿ 'ಪೆಂಜೊರ್' ನಿಲ್ಲಿಸುತ್ತಾರೆ, ಅಂದರೆ ತುದಿ ಬಾಗಿದ ಎತ್ತರದ ಬಿದಿರಿಗೆ ಗರಿ, ತೆನೆ, ಹಣ್ಣು ಕಟ್ಟಿದ ಕಂಬಗಳು. ಪಿತೃಗಳು ಅಂದು ಮನೆಗೆ ಬಂದು, ಕುನಿಂಗನ್ ದಿನ ಮರಳುತ್ತಾರೆಂದು ನಂಬಿಕೆ. ನಮ್ಮ ಪಿತೃಪಕ್ಷದ ಗಾಂಭೀರ್ಯ ಅಲ್ಲಿಲ್ಲ, ಹಿರಿಯರು ಊರಿನಿಂದ ಬಂದರೆ ಮನೆಯಲ್ಲಿ ಇರುವ ಗಡಿಬಿಡಿ ಇದೆ. ಇದು ಮನೆಯ ಹಬ್ಬವೇ ಆದರೂ ಪೆಂಜೊರ್ ಸಾಲು ಹತ್ತು ದಿನ ನಿಂತಿರುವುದರಿಂದ ಹೊರಗಿನವರಿಗೆ ಬರಿಗೈ ಆಗುವುದಿಲ್ಲ. ಸಸ್ಯಾಹಾರಿಗಳಿಗೊಂದು ಮಾತು: ಗಲುಂಗನ್‌ನ ಹಿಂದಿನ ದಿನ ಮನೆಮನೆಯಲ್ಲಿ ಹಂದಿ ಕೊಯ್ಯುವ ಸಂಪ್ರದಾಯವಿದೆ. ಅಂದು ಹಳ್ಳಿ ಸುತ್ತುವ ಬದಲು ಕಡಲತೀರಕ್ಕೆ ಹೋಗಿ.

ಮಾರಿಷಸ್ಸಿಗೆ ಭಾರತೀಯರಿಗೆ ಮುಂಚಿತ ವೀಸಾ ಬೇಡ. ಈ ಸಣ್ಣ ದೇಶದ ರಜೆಗಳ ಪಟ್ಟಿ ಓದುವುದೇ ಒಂದು ಸಂತೋಷ. ತೈಪೂಸಂ ಕಾವಡಿ, ಚೀನೀ ವಸಂತೋತ್ಸವ, ಮಹಾಶಿವರಾತ್ರಿ, ಯುಗಾದಿ, ಈದ್, ಗಣೇಶ ಚೌತಿ, ದೀಪಾವಳಿ, ಕ್ರಿಸ್‌ಮಸ್ ಎಲ್ಲಕ್ಕೂ ರಜೆ. ಅದರ ಜೊತೆಗೆ ನವೆಂಬರ್ 2, 1834ರಲ್ಲಿ ಕರಾರು ಕೂಲಿಗಳ ಹಡಗು ಬಂದಿಳಿದ ನೆನಪಿನ ದಿನ. ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್‌ನ ಕಲ್ಲಿನ ಮೆಟ್ಟಿಲು ಈಗ ವಿಶ್ವ ಪರಂಪರೆಯ ತಾಣ. ಹಬ್ಬ ನೋಡಲು ಹೋದವರು ಇದನ್ನೊಮ್ಮೆ ಹತ್ತಿಳಿಯದೆ ಬರಬಾರದು, ಆ ಹಬ್ಬಗಳೆಲ್ಲ ಅಲ್ಲಿಗೆ ಬಂದದ್ದೇ ಇಂಥ ಹಡಗುಗಳಲ್ಲಿ. ಶಿವರಾತ್ರಿಗೆ ದ್ವೀಪದ ಮೂಲೆಮೂಲೆಯಿಂದ ಜನ ಕಾವಡಿ ಹೊತ್ತು ಬೆಟ್ಟದ ಮೇಲಿನ ಗಂಗಾ ತಲಾವ್ ಕೆರೆಗೆ ನಡೆಯುತ್ತಾರೆ. 1972ರಲ್ಲಿ ಗಂಗಾಜಲ ತಂದು ಬೆರೆಸಿದ ಮೇಲೆ ಬಂದ ಹೆಸರು ಅದು. ದಂಡೆಯಲ್ಲಿ 108 ಅಡಿಯ ಶಿವನ ವಿಗ್ರಹ. ದಾರಿಯುದ್ದಕ್ಕೂ ನಡೆಯುವವರಿಗೆ ತಿಂಡಿ, ನೀರು ಕೊಡುವವರು ಕಾದಿರುತ್ತಾರೆ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದವರು ಚಾರ್ಮಾಡಿಯನ್ನು ನೆನೆಯುತ್ತಾರೆ. ಕಾರಿನಲ್ಲಿ ಹೋಗುವ ಯೋಚನೆ ಬಿಡಿ, ನಡೆಯುವವರ ಜೊತೆ ಕೊನೆಯ ನಾಲ್ಕೈದು ಕಿಲೋಮೀಟರ್ ಆದರೂ ನಡೆಯಿರಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಚೀನೀ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಸಸ್ಯಾಹಾರದ ಹಬ್ಬ. ಅನೇಕ ವರ್ಷ ಇದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಥಾಯ್ಲೆಂಡಿನಲ್ಲಿ ಪರದಾಡುವ ನಮ್ಮ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಒಂಬತ್ತು ದಿನ ಸಿಗಲಾರದು. ಆದರೆ ಮೆರವಣಿಗೆಯಲ್ಲಿ ಕೆನ್ನೆಗೆ ಕತ್ತಿ, ಸಲಾಕೆ ಚುಚ್ಚಿಕೊಂಡವರು ಸಾಗುತ್ತಾರೆ, ಪಟಾಕಿ ಮೈಮೇಲೆ ಬೀಳುವಷ್ಟು ಹತ್ತಿರ ಸಿಡಿಯುತ್ತದೆ. ಮಕ್ಕಳನ್ನು ಅಡುಗೆಗೆ ಕರೆದೊಯ್ಯಿರಿ, ಮೆರವಣಿಗೆಗೆ ಬೇಡ. ಮಾಲ್ಡೀವ್ಸ್‌ಗೆ ರಂಜಾನ್ ತಿಂಗಳಲ್ಲಿ ಹೋಗುವವರು ಸ್ಥಳೀಯರು ವಾಸಿಸುವ ದ್ವೀಪಗಳಲ್ಲಿ ಹಗಲು ಊಟ ಸಿಗುವುದು ಕಷ್ಟವೆಂದು ತಿಳಿದಿರಲಿ. ರೆಸಾರ್ಟ್ ದ್ವೀಪಗಳಲ್ಲಿ ಆ ತೊಂದರೆಯಿಲ್ಲ, ಹಬ್ಬವೂ ಇಲ್ಲ. ಪಾಸ್‌ಪೋರ್ಟ್ ಇಲ್ಲದವರಿಗೆ ಅಂಡಮಾನ್ ಇದ್ದೇ ಇದೆ.

ನಾಲ್ಕನೆಯ ಹೆಜ್ಜೆ: ಮಳೆ ಕೇಳಿಕೊಳ್ಳಿ

ಹಬ್ಬ ಚೆನ್ನಾಗಿರುವ ತಿಂಗಳಲ್ಲಿ ಸಮುದ್ರ ಚೆನ್ನಾಗಿರಬೇಕೆಂದಿಲ್ಲ. ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಪಶ್ಚಿಮ, ದಕ್ಷಿಣ ತೀರಗಳನ್ನು ತೋಯಿಸುತ್ತದೆ, ಆಗ ಪೂರ್ವ ತೀರ ಒಣಗಿರುತ್ತದೆ. ಆದ್ದರಿಂದ ಕ್ಯಾಂಡಿಯ ಪೆರಹೆರ ಮುಗಿಸಿ ಕಡಲಿಗೆ ಹೋಗುವವರು ಟ್ರಿಂಕೋಮಲಿಯತ್ತ ಹೊರಡಬೇಕು, ಗಾಲೆಯತ್ತ ಅಲ್ಲ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ, ನ್ಯೆಪಿ ಬರುವುದು ಮಳೆಯ ಬಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಗಾಳಿ ಬಲವಾಗಿ ಬೀಸುವಾಗ ಸನೂರ್ ಕಡೆ ಹತ್ತಿಪ್ಪತ್ತು ಜನ ಸೇರಿ ಎಳೆಯುವ ದೈತ್ಯ ಗಾಳಿಪಟಗಳನ್ನು ಹಾರಿಸುತ್ತಾರೆ. ನಮ್ಮ ಆಷಾಢದ ಗಾಳಿಪಟ ಹಾರಿಸಿದ ಕೈಗಳು ಅದನ್ನು ನೋಡಲೇಬೇಕು. ಮಾರಿಷಸ್ಸಿನ ಕಾವಡಿ, ಶಿವರಾತ್ರಿ ಎರಡೂ ಚಂಡಮಾರುತದ ತಿಂಗಳುಗಳಲ್ಲೇ ಬರುತ್ತವೆ. ವಿಮಾನ ರದ್ದಾದರೆ ಖರ್ಚು ಭರಿಸುವ ಪ್ರಯಾಣ ವಿಮೆ ಅಲ್ಲಿಗೆ ಐಚ್ಛಿಕವಲ್ಲ, ಅಗತ್ಯ.

ಐದನೆಯ ಹೆಜ್ಜೆ: ದಿನಗಳ ಲೆಕ್ಕ, ಟಿಕೆಟ್, ಕಾಗದಪತ್ರ

ನಿಯಮ ಒಂದೇ: ಹಬ್ಬಕ್ಕೆ ಎರಡು ದಿನ ಮೊದಲು ತಲುಪಿ, ಎರಡು ದಿನ ಬಿಟ್ಟು ಹೊರಡಿ. ಯುಗಾದಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ ಹೇಗಿರುತ್ತದೆಂದು ನೆನೆಸಿಕೊಳ್ಳಿ. ಕೊಲಂಬೊ ಕೋಟೆಯ ರೈಲು ನಿಲ್ದಾಣ ಏಪ್ರಿಲ್ 12ಕ್ಕೆ ಹಾಗೆಯೇ ಇರುತ್ತದೆ. ಕೋಣೆಯನ್ನು ವಿಮಾನಕ್ಕಿಂತ ಮೊದಲು ಹಿಡಿಯಿರಿ. ಇದು ವಿಚಿತ್ರವೆನಿಸಬಹುದು. ಆದರೆ ಕೊಲಂಬೊಗೆ ವಿಮಾನ ದಿನವೂ ಇದೆ, ಕ್ಯಾಂಡಿಯಲ್ಲಿ ಮೆರವಣಿಗೆಯ ದಾರಿಗೆ ನಡೆದು ಹೋಗುವಷ್ಟು ಹತ್ತಿರದ ಕೋಣೆ ಆ ಹತ್ತು ದಿನ ಚಿನ್ನ. ದುಡ್ಡು ವಾಪಸ್ ಸಿಗುವ ಷರತ್ತಿನ ಕೋಣೆ ಹಿಡಿದು, ಆಮೇಲೆ ಟಿಕೆಟ್ ತೆಗೆದುಕೊಳ್ಳಿ.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಬಾಲಿಯಲ್ಲಿ ಇಳಿದ ಮೇಲೆ ಸಿಗುವ 30 ದಿನದ ವೀಸಾಕ್ಕೆ ಐದು ಲಕ್ಷ ರುಪಿಯಾ. ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಒಳಗೆ. 2024ರ ಫೆಬ್ರವರಿಯಿಂದ ಅದರ ಮೇಲೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕವೂ ಇದೆ. ಶ್ರೀಲಂಕಾಕ್ಕೆ ಆನ್‌ಲೈನ್ ಪ್ರವೇಶ ಅನುಮತಿ ಪಡೆಯಬೇಕು. ಅದರ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ತಿಂಗಳಲ್ಲಿ ಸರ್ಕಾರದ ಜಾಲತಾಣದಲ್ಲೇ ನೋಡಿ. ಹುಡುಕಿದಾಗ ಮೇಲೆ ಬರುವ, ಸರ್ಕಾರದ್ದೇ ಎನಿಸುವ ಬೇರೆ ತಾಣವೊಂದಕ್ಕೆ ನನ್ನ ಪಕ್ಕದ ಮನೆಯವರು ದುಪ್ಪಟ್ಟು ಹಣ ಕಟ್ಟಿ ಕುಳಿತರು.

ಆರನೆಯ ಹೆಜ್ಜೆ: ಚೀಲಕ್ಕೆ ಏನು

ಬಿಳಿ ಬಟ್ಟೆ ಒಂದು ಜೊತೆ, ಶ್ರೀಲಂಕಾದ ವಿಹಾರಗಳಿಗೆ. ಭುಜ, ಮಂಡಿ ಮುಚ್ಚಬೇಕು. ಬಾಲಿಯ ದೇವಸ್ಥಾನಗಳಲ್ಲಿ ಸೊಂಟಕ್ಕೆ ಸರೋಂಗ್, ಅದರ ಮೇಲೊಂದು ಪಟ್ಟಿ ಕಡ್ಡಾಯ. ನಮ್ಮ ಪಂಚೆ, ಶಲ್ಯ ಸಾಕು, ಅಲ್ಲಿನವರಿಗೆ ಅದು ಇಷ್ಟವೂ ಆಗುತ್ತದೆ. ಬಿಚ್ಚಿ ಹಾಕಿಕೊಳ್ಳಲು ಸುಲಭವಾದ ಚಪ್ಪಲಿ. ಇಷ್ಟು ಬಿಟ್ಟರೆ ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬ ಕೋಡುಬಳೆ. ನಗಬೇಡಿ. ಅಂಗಡಿ ಮುಚ್ಚಿದ ದಿನ ನಗುವವರು ಯಾರೆಂದು ನನಗೆ ಗೊತ್ತು.

ಏಳನೆಯ ಹೆಜ್ಜೆ: ಆ ರಾತ್ರಿ, ಕ್ಯಾಂಡಿಯಲ್ಲಿ

ಪೆರಹೆರದ ಮೊದಲ ಐದು ರಾತ್ರಿ 'ಕುಂಬಲ್', ನಂತರದ ಐದು 'ರಂದೋಲಿ'. ರಂದೋಲಿ ರಾತ್ರಿಗಳಲ್ಲಿ ಪಲ್ಲಕ್ಕಿಗಳು ಸೇರಿಕೊಳ್ಳುತ್ತವೆ, ದಿನೇ ದಿನೇ ಆನೆಗಳು, ನರ್ತಕರು, ಜನ ಎಲ್ಲವೂ ಹೆಚ್ಚುತ್ತವೆ. ಎಲ್ಲರೂ ಕೊನೆಯ ರಾತ್ರಿಗೇ ಹೋಗು ಎನ್ನುತ್ತಾರೆ. ನಾನು ಎರಡನ್ನೂ ನೋಡಿದ್ದೇನೆ. ಕುಟುಂಬದವರಿಗೆ ಕುಂಬಲ್‌ನ ಕೊನೆಯ ರಾತ್ರಿ, ಹೆಚ್ಚೆಂದರೆ ರಂದೋಲಿಯ ಮೊದಲನೆಯದು ಸಾಕು. ಉಸಿರಾಡಲು ಜಾಗವಿರುತ್ತದೆ, ಮಗುವಿಗೆ ಆನೆ ಕಾಣುತ್ತದೆ.

ಜಾಗ ಹಿಡಿಯುವ ಕ್ರಮ ಎರಡು. ದುಡ್ಡು ಕೊಟ್ಟು ಕುರ್ಚಿ ಕೊಳ್ಳುವುದು ಒಂದು. ರಸ್ತೆ ಬದಿಯ ಅಂಗಡಿಗಳು, ಹೋಟೆಲುಗಳು ತಮ್ಮ ಮುಂದಿನ ಜಾಗಕ್ಕೆ ಕುರ್ಚಿ ಹಾಕಿ ಮಾರುತ್ತವೆ. ಮುಂಗಡ ಕೊಡುವ ಮೊದಲು ಎಷ್ಟನೆಯ ಸಾಲೆಂದು ಬರೆಸಿಕೊಳ್ಳಿ. ಇನ್ನೊಂದು, ಮಧ್ಯಾಹ್ನವೇ ಚಾಪೆ ಹಾಸಿ ಪುಟ್‌ಪಾತಿನ ಮೇಲೆ ಕೂರುವುದು. ಸುತ್ತಮುತ್ತಲ ಹಳ್ಳಿಗಳಿಂದ ಬಂದವರೆಲ್ಲ ಹೀಗೇ ಮಾಡುತ್ತಾರೆ, ಬುತ್ತಿ ಬಿಚ್ಚಿ ಪಕ್ಕದವರಿಗೂ ಕೊಡುತ್ತಾರೆ. ಮೆರವಣಿಗೆ ಶುರುವಾದ ಮೇಲೆ ರಸ್ತೆ ದಾಟಲು ಬಿಡುವುದಿಲ್ಲ. ಶೌಚಾಲಯ ಎಲ್ಲಿದೆಯೆಂದು ಕೂರುವ ಮೊದಲೇ ನೋಡಿಕೊಂಡಿರಿ, ಮತ್ತು ಅದು ನೀವು ಕುಳಿತ ಬದಿಯಲ್ಲೇ ಇರಲಿ.

ಕತ್ತಲಾದ ಮೇಲೆ ಮೊದಲು ಕೇಳಿಸುವುದು ಚಾಟಿಯ ಸದ್ದು. ಚಾಟಿ ಬೀಸುವವರು ಹಾದಿ ಬಿಡಿಸುತ್ತ ಬರುತ್ತಾರೆ. ಹಿಂದೆ ಬೆಂಕಿಯ ಚೆಂಡು ತಿರುಗಿಸುವವರು, ಬಾವುಟ ಹಿಡಿದವರು, ಮದ್ದಳೆಯವರು. ಕೊಬ್ಬರಿ ಸುಡುವ ಪಂಜುಗಳ ಹೊಗೆ ಕಣ್ಣು ಚುರುಗುಟ್ಟಿಸುತ್ತದೆ. ಒಂದು ಗಳಿಗೆಯಲ್ಲಿ ಜನ ಥಟ್ಟನೆ ಎದ್ದು ನಿಂತು ಕೈ ಮುಗಿಯುತ್ತಾರೆ, ಬುದ್ಧನ ಹಲ್ಲನ್ನು ಇರಿಸಿರುವ ದೇವಾಲಯವಾದ ದಳದ ಮಾಳಿಗಾವದ ಸಲಗ ಬಂತೆಂದು ಅರ್ಥ. ಬುದ್ಧನ ದಂತಧಾತುವಿನ ಕರಂಡದ ಪ್ರತಿರೂಪವನ್ನು ಹೊತ್ತ ಅದರ ಹೆಜ್ಜೆಗೆ ನೆಲದ ಮೇಲೆ ಬಿಳಿ ಬಟ್ಟೆ ಹಾಸುತ್ತ ಹೋಗುತ್ತಾರೆ. ನಮ್ಮಲ್ಲಿ ನಡೆಮಡಿ ಎನ್ನುವುದನ್ನು ಅಲ್ಲಿ 'ಪಾವಡ' ಎನ್ನುತ್ತಾರೆ. ನೀವೂ ಎದ್ದು ನಿಲ್ಲಿ, ಫೋನ್ ಕೆಳಗಿಳಿಸಿ. ಅದರ ಹಿಂದೆ ನಾಲ್ಕು ದೇವಾಲಯಗಳ ಮೆರವಣಿಗೆ: ನಾಥ, ವಿಷ್ಣು, ಕತರಗಾಮ, ಪತ್ತಿನಿ. ಪತ್ತಿನಿ ಎಂದರೆ ತಮಿಳುನಾಡಿನ ಕಣ್ಣಗಿಯೇ. ಹೆಣ್ಣುಮಕ್ಕಳ ಕುಣಿತ ಆ ಕೊನೆಯ ಭಾಗದಲ್ಲಿ ಇರುತ್ತದೆ. ಬಹಳ ಜನ ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತಾರೆ, ನೀವು ಹೋಗಬೇಡಿ.

ಆನೆಗಳ ವಿಷಯ ಮುಚ್ಚಿಡುವುದಿಲ್ಲ. ದೀಪ ಕಟ್ಟಿದ ಜೂಲಿನ ಕೆಳಗೆ ಕಾಲಿನ ಸರಪಳಿ ಕಾಣುತ್ತದೆ. ಮೈಸೂರಿನಲ್ಲಿ 750 ಕಿಲೋ ಅಂಬಾರಿ ಹೊತ್ತ ಆನೆಯನ್ನು ನೋಡುವಾಗ ಆಗುವ ಕಸಿವಿಸಿಯೇ ಅಲ್ಲೂ ಆಗುತ್ತದೆ. ಸಹಿಸಲಾಗದವರು ವೆಸಕ್‌ಗೆ ಹೋಗಿ. ಆನೆಯ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದನ್ನಂತೂ ಯಾರೂ ಮಾಡಬಾರದು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದೂ ಅಲ್ಲಿ ದೊಡ್ಡ ಅಪರಾಧ.

ಎಂಟನೆಯ ಹೆಜ್ಜೆ: ಆ ದಿನ, ಬಾಲಿಯಲ್ಲಿ

ನ್ಯೆಪಿಗೆ ಹೋಗುವವರು ನಾಲ್ಕು ದಿನವನ್ನು ಒಂದೇ ಹಬ್ಬವೆಂದು ತಿಳಿಯಬೇಕು. ಮೂರ್ನಾಲ್ಕು ದಿನ ಮೊದಲು 'ಮೆಲಸ್ತಿ': ಊರೂರಿನವರು ಬಿಳಿಯುಟ್ಟು, ಕೊಡೆ ಹಿಡಿದು, ದೇವರ ಸಾಮಗ್ರಿಗಳನ್ನು ಹೊತ್ತು ಸಮುದ್ರಕ್ಕೆ ಹೋಗುತ್ತಾರೆ. ಕಡಲತೀರದ ಊರಿನಲ್ಲಿ ಕೋಣೆ ಹಿಡಿದಿದ್ದರೆ ಹಲ್ಲುಜ್ಜುತ್ತಲೇ ನೋಡಬಹುದು.

ಹಿಂದಿನ ಸಂಜೆ ಒಗೊ-ಒಗೊ. ಓಣಿ ಓಣಿಯ ಹುಡುಗರು ವಾರಗಟ್ಟಲೆ ಕೂತು ಕಟ್ಟಿದ ರಾಕ್ಷಸ ಬೊಂಬೆಗಳನ್ನು ಬಿದಿರಿನ ಚೌಕಟ್ಟಿನ ಮೇಲೆ ಹೊತ್ತು, ಕೂಡುರಸ್ತೆಗಳಲ್ಲಿ ಗಿರಗಿರನೆ ತಿರುಗಿಸುತ್ತಾರೆ. ನಮ್ಮ ಗಣೇಶೋತ್ಸವದ ಹುಡುಗರ ಉತ್ಸಾಹವೇ, ದೇವರ ಬದಲು ದೆವ್ವ, ಅಷ್ಟೇ. ಅನೇಕ ಬೊಂಬೆಗಳನ್ನು ಕೊನೆಗೆ ಸುಟ್ಟುಬಿಡುತ್ತಾರೆ. ಡೆನ್ಪಸಾರಿನ ನಾಲ್ಕು ಮುಖದ ವಿಗ್ರಹದ ವೃತ್ತದಲ್ಲಿ ಅತಿ ದೊಡ್ಡವು ಬರುತ್ತವೆ, ಉಬುದ್‌ನಲ್ಲಿ ನೋಡುವುದು ಸುಲಭ. ಮಧ್ಯಾಹ್ನದಿಂದಲೇ ರಸ್ತೆ ಮುಚ್ಚುವುದರಿಂದ ಕೋಣೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ನೋಡಿ. ನಾವು ಮೊದಲ ಸಲ ಸಂಜೆ ನಾಲ್ಕಕ್ಕೆ ಟ್ಯಾಕ್ಸಿ ಹೇಳಿದ್ದೆವು. ಅರ್ಧ ದಾರಿಯಲ್ಲಿ ಇಳಿದು, ಪೆಟ್ಟಿಗೆ ತಲೆಯ ಮೇಲೆ ಹೊತ್ತು, ಬಕಾಸುರನಂಥ ಒಂದು ಬೊಂಬೆಯ ಹಿಂದೆಯೇ ಮೂರು ಕಿಲೋಮೀಟರ್ ನಡೆದೆವು. ಜನ ನಮ್ಮನ್ನೂ ಮೆರವಣಿಗೆಯ ಭಾಗವೆಂದೇ ತಿಳಿದಿರಬೇಕು.

ಮರುದಿನ ಬೆಳಗ್ಗೆ ಆರರಿಂದ ಅದರ ಮರುದಿನ ಬೆಳಗ್ಗೆ ಆರರವರೆಗೆ ನ್ಯೆಪಿ. ಬೆಂಕಿಯಿಲ್ಲ, ಕೆಲಸವಿಲ್ಲ, ಪ್ರಯಾಣವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣ 24 ಗಂಟೆ ಬಂದ್. 2018ರಿಂದ ಮೊಬೈಲ್ ಇಂಟರ್‌ನೆಟ್ ಕೂಡ ನಿಲ್ಲಿಸುತ್ತಾರೆ. ಈ ನಿಯಮ ಪ್ರವಾಸಿಗರಿಗೂ ಅನ್ವಯಿಸುತ್ತದೆ. ಹೋಟೆಲಿನ ಗೇಟು ದಾಟಿದರೆ ಚೌಕಳಿ ಲುಂಗಿಯುಟ್ಟ ಪೆಚಲಂಗ್, ಅಂದರೆ ಊರ ಕಾವಲುಗಾರರು, ನಯವಾಗಿಯೇ ಒಳಕ್ಕೆ ಕಳಿಸುತ್ತಾರೆ. ಆಸ್ಪತ್ರೆಯ ತುರ್ತಿಗೆ ಮಾತ್ರ ವಿನಾಯಿತಿ.

ಹಾಗಾಗಿ ಹಿಂದಿನ ಬೆಳಗ್ಗೆಯೇ ಮಾಡಿ ಮುಗಿಸಬೇಕಾದ ಕೆಲಸಗಳಿವೆ. ನ್ಯೆಪಿ ದಿನ ಊಟ ಎಷ್ಟು ಹೊತ್ತಿಗೆ, ಏನು ಕೊಡುತ್ತೀರೆಂದು ಹೋಟೆಲಿನವರನ್ನು ಕೇಳಿ. ಹಣ್ಣು, ಬ್ರೆಡ್ಡು, ನೀರು ತಂದಿಟ್ಟುಕೊಳ್ಳಿ. ದಿನಾ ನುಂಗುವ ಮಾತ್ರೆ ಇದೆಯೇ ನೋಡಿ. ಮನೆಗೆ ಫೋನ್ ಮಾಡಿ 'ನಾಳೆ ಪೂರ್ತಿ ಸಿಗುವುದಿಲ್ಲ' ಎಂದು ಹೇಳಿ, ಇಲ್ಲದಿದ್ದರೆ ಬೆಂಗಳೂರಿನಲ್ಲಿ ಅಮ್ಮ ರಾಯಭಾರ ಕಚೇರಿಯ ನಂಬರು ಹುಡುಕುತ್ತಾರೆ. ಪರದೆ ದಪ್ಪಗಿರುವ, ಸಾಧ್ಯವಾದರೆ ಒಳಗೇ ಅಂಗಳವಿರುವ ಕೋಣೆ ಕೇಳಿ. ರಾತ್ರಿ ದೀಪ ಹೊರಗೆ ಕಾಣಬಾರದು.

ರಾತ್ರಿ ಎಂಟರ ಮೇಲೆ ಅಂಗಳಕ್ಕೆ ಬನ್ನಿ, ಚಾಪೆ ಹಾಸಿ ಮಲಗಿ. ಇಡೀ ದ್ವೀಪದಲ್ಲಿ ಒಂದು ಬೀದಿದೀಪವಿಲ್ಲ, ಒಂದು ಸ್ಕೂಟರ್ ಇಲ್ಲ. ಅಮಾವಾಸ್ಯೆ ಕಳೆದ ರಾತ್ರಿಯಾದ್ದರಿಂದ ಚಂದ್ರನೂ ಇಲ್ಲ. ಹಲ್ಲಿ ಲೊಚಗುಟ್ಟುವುದು, ಗದ್ದೆಯ ಕಪ್ಪೆ, ದೂರದ ಅಲೆ, ಇಷ್ಟೇ ಸದ್ದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ತಂಗಿಯ ಮಗಳು ಆಕಾಶಗಂಗೆಯನ್ನು ನೋಡಿದ್ದು ಅದೇ ಮೊದಲು. ಮೋಡವೆಂದುಕೊಂಡು 'ದೊಡ್ಡಮ್ಮ, ಮಳೆ ಬರುತ್ತದೆ, ಒಳಗೆ ಹೋಗೋಣ' ಎಂದಳು.

ಬೆಳಗ್ಗೆ ಆರಕ್ಕೆ ಮೊದಲ ಸ್ಕೂಟರ್ ಸದ್ದು ಕೇಳುತ್ತದೆ. ಅಂದು 'ಙೆಂಬಕ್ ಗೆನಿ', ಬೆಂಕಿ ಹೊತ್ತಿಸಿ ಬಂಧುಗಳ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವ ದಿನ. ವಿಮಾನ ನಿಲ್ದಾಣದಲ್ಲಿ ಹಿಂದಿನ ದಿನದ ಜನವೂ ಸೇರಿ ಸಂತೆಯಾಗಿರುತ್ತದೆ. ನಿಮ್ಮ ವಾಪಸ್ ಟಿಕೆಟ್ ಅಂದಿಗಿರದೆ ಮರುದಿನಕ್ಕಿದ್ದರೆ ಕಾಫಿ ಕುಡಿಯಲು ಹೊತ್ತು ಸಿಗುತ್ತದೆ.